ರೆನ್‌ಗೆ ಬಾಣ ತಗಲುವುದಿಲ್ಲ

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಬೆವ್ ಕುಬಿಯಾಕ್ ಆರ್ಲೊನ ಮನೆಯ ನೆಲಮಾಳಿಗೆಗೆ ಇಳಿದು ಬಂದು, ತಾನು ಕೆಲಸ ಮಾಡುವ ಚೀಸ್ ಕಾರ್ಖಾನೆಯ ಪೊಟ್ಟಣವೊಂದನ್ನೂ ಒಂದು ಹೊಸ ಹಾಳೆಯನ್ನೂ ಮೇಜಿನ ಮೇಲಿಟ್ಟಳು. ಬಾಯಲ್ಲೇ ಕಥೆ ಕಟ್ಟಿ ಆಡುವ ಅವರ ಆಟದಲ್ಲಿ ಹನ್ನೊಂದು ವರ್ಷ ಅವಳು ಆಡಿಸಿಕೊಂಡು ಬಂದಿದ್ದ ಕುಳ್ಳ ಯೋಧ ಹಿಂದಿನ ವಾರ ಸುರಂಗದಲ್ಲಿ ಬಾಣ ತಿಂದು ಸತ್ತಿದ್ದ. ಈ ಹಾಳೆಯಲ್ಲಿ ಇನ್ನೊಬ್ಬ ಯೋಧನ ವಿವರವಿತ್ತು.

"ಇವನ ಹೆಸರೇನು?" ಆರ್ಲೊ ಕೇಳಿದ.

"ಇಟ್ಟಿಲ್ಲ. ಎಷ್ಟು ದಿನ ಬದುಕ್ತಾನೋ ನೋಡ್ಕೊಂಡು ಇಡ್ತೀನಿ."

ಆರ್ಲೊ ನಗಲಿಲ್ಲ. ವಾರವಿಡೀ ಕಾಗದದ ಗಿರಣಿಯಲ್ಲಿ ದುಡಿಯುತ್ತಿದ್ದ ಅವನು ಭಾನುವಾರ ಮಾತ್ರ ಆಟ ನಡೆಸುತ್ತಿದ್ದ. ಮಿಕ್ಕವರಿಗೆ ತಲಾ ಒಂದೊಂದು ಪಾತ್ರ. ಉಳಿದದ್ದೆಲ್ಲ ಅವನ ಪಾಲು. ಸುರಂಗ, ಮಳೆ, ಹೆಂಡದಂಗಡಿಯವನು, ಕತ್ತಲಲ್ಲಿ ಕೂತ ಬಿಲ್ಲುಗಾರ, ಎಲ್ಲ ಅವನ ಬಾಯಿಂದಲೇ ಬರಬೇಕು. ಅವನ ಮುಂದೆ ಮೂರು ಮಡಿಕೆಯ ರಟ್ಟಿನ ಪರದೆ ನಿಂತಿರುತ್ತಿತ್ತು. ಅದರ ಹಿಂದೆ ಅವನು ಉರುಳಿಸುವ ಇಪ್ಪತ್ತು ಮುಖದ ದಾಳ ಅವನ ಕಣ್ಣಿಗೆ ಮಾತ್ರ ಬೀಳುತ್ತಿತ್ತು. ದೊಡ್ಡ ಅಂಕಿ ಬಿದ್ದರೆ ಹೊಡೆತ ತಗಲಿದಂತೆ. ಆದರೂ ತಗಲಿತೋ ತಪ್ಪಿತೋ ಅವನು ಹೇಳಿದರೆ ಅದೇ ಸರಿ.

ಇನ್ನೊಂದು ಪದ್ಧತಿಯೂ ಇತ್ತು. ಯಾರಾದರೂ ಬರದಿದ್ದ ದಿನ ಅವರ ಪಾತ್ರವನ್ನು ಆರ್ಲೊನೇ ಆಡಿಸಬೇಕು.

ಆರಿನ್ ಜೀಲ್ಕೆ ಬೂಟಿನ ಹಿಮ ಕೊಡವಿ ಕೆಳಗೆ ಬಂದ. ಶಾಲೆಯ ಬಸ್ಸುಗಳ ಮೆಕ್ಯಾನಿಕ್ ಅವನು. ಪ್ರತಿ ವಾರದಂತೆ ಕೋಟಿನ ಒಳಗಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿನ ಹಾಳೆಯನ್ನು ತನ್ನ ಪಕ್ಕದ ಖಾಲಿ ಕುರ್ಚಿಯ ಮುಂದೆ ಬಿಡಿಸಿಟ್ಟ. ಮಗಳು ಮಾರ್ನಿಯ ಹಾಳೆ. ಪೆನ್ಸಿಲ್‌ನಲ್ಲಿ ಅವಳದೇ ಅಕ್ಷರ. ಹೆಸರು ರೆನ್. ಕಸುಬು ಕಳ್ಳತನ. ಜೀವದ ಅಂಕಿ ಹತ್ತೊಂಬತ್ತು.

ಮಾರ್ನಿ ಸತ್ತು ಹದಿಮೂರು ತಿಂಗಳಾಗಿತ್ತು. ಹದಿನೇಳು ವರ್ಷದ ಹುಡುಗಿ. ಸರೋವರದ ದಂಡೆಯ ರಸ್ತೆಯಲ್ಲಿ, ಇಲ್ಲಿಗೆ ಬರುವಾಗಲೇ, ಹಿಮಗಟ್ಟಿದ ತಿರುವಿನಲ್ಲಿ ಕಾರು ಜಾರಿ ಲಾರಿಗೆ ಬಡಿದಿತ್ತು. ಮಣ್ಣು ಮಾಡಿದ ಮೂರನೆಯ ವಾರ ಆರಿನ್ ಈ ಹಾಳೆ ತಂದಿಟ್ಟು, "ಬರದವರದ್ದು ನೀನೇ ತಾನೆ ಆಡಿಸೋದು?" ಅಂದಿದ್ದ. ಇಲ್ಲ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.

ಆರ್ಲೊ ಆಡಿಸಿದ. ಚೆನ್ನಾಗಿಯೇ ಆಡಿಸಿದ. ಆರಿನ್‌ನ ಪಾತ್ರ ಗಾಯ ಮಾಯಿಸುವ ಒಬ್ಬ ಮುದಿ ಪಾದ್ರಿ. ಮಾರ್ನಿಯ ರೆನ್ ಅವನನ್ನು 'ಮುದ್ಕಪ್ಪ' ಎಂದು ಕರೆದು ಗೋಳು ಹೊಯ್ದುಕೊಳ್ಳುತ್ತಿದ್ದಳು. ಆರ್ಲೊನೂ ಹಾಗೇ ಕರೆದ. ಆರಿನ್ ನಕ್ಕ. ನಕ್ಕಿದ್ದನ್ನು ನೋಡಿದ ಮೇಲೆ ನಿಲ್ಲಿಸುವುದು ಹೇಗೆ?

ಆವತ್ತಿನಿಂದ ರೆನ್‌ಗೆ ಒಂದು ಏಟೂ ಬಿದ್ದಿರಲಿಲ್ಲ. ಏಟು ಬಿದ್ದರೆ ಜೀವದ ಅಂಕಿ ಇಳಿಯುತ್ತದೆ, ಮಾರ್ನಿ ಬರೆದ ಆ ಹತ್ತೊಂಬತ್ತನ್ನು ರಬ್ಬರ್‌ನಿಂದ ಉಜ್ಜಬೇಕಾಗುತ್ತದೆ. ಪರದೆಯ ಹಿಂದೆ ದಾಳ ಏನೇ ಹೇಳಲಿ, ಆರ್ಲೊ "ತಪ್ಪಿತು" ಅನ್ನುತ್ತಿದ್ದ.

"ನನ್ನ ಕುಳ್ಳನಿಗೆ ಒಂದೇ ದಿನ ನಾಲ್ಕು ಬಾಣ," ಬೆವ್ ಚೀಸ್ ಜಗಿಯುತ್ತಾ ಅಂದಳು. "ಈ ಹುಡುಗಿಗೆ ಒಂದು ವರ್ಷದಿಂದ ಒಂದು ಗೀರೂ ಇಲ್ಲ."

"ಚುರುಕು ಅವಳು," ಆರಿನ್ ಅಂದ.

"ಹೌದು. ನಮ್ಮವನು ಸೋಮಾರಿ. ಸತ್ತ."

ಆಟ ಶುರುವಾಯಿತು. ಸುರಂಗದ ಕೊನೆಗೊಂದು ಬೀಗ ಹಾಕಿದ ಬಾಗಿಲು. ರೆನ್ ಮಂಡಿಯೂರಿ ಬೀಗಕ್ಕೆ ಕಿವಿ ಕೊಟ್ಟಿದ್ದಾಳೆ ಎಂದು ಆರ್ಲೊ ಹೇಳಿದ. ಆಗ ಆರಿನ್ ಖಾಲಿ ಕುರ್ಚಿಯ ಕಡೆ ತಿರುಗಿದ.

"ರೆನ್, ಒಂದು ಮಾತು ಕೇಳ್ಲಾ?"

"ಕೇಳು ಮುದ್ಕಪ್ಪ. ಬೇಗ ಕೇಳು, ಕೈ ಬಿಡುವಿಲ್ಲ," ಆರ್ಲೊ ರೆನ್ ಆಗಿ ಅಂದ.

"ಆವತ್ತು ನೀನು ಆಟಕ್ಕೆ ಬರಲ್ಲ, ಸಿನಿಮಾಗೆ ಹೋಗ್ತೀನಿ ಅಂದಿದ್ದೆ. ನಾನು ಆಯ್ತು ಅಂದು ಮೊದಲೇ ಹೊರಟು ಬಂದೆ. ಆಮೇಲೆ ಯಾಕೆ ಹೊರಟೆ? ನಾನು ಮುಖ ಗಂಟು ಹಾಕ್ಕೊಂಡಿದ್ದೆ. ಅದಕ್ಕಾ?"

ಬೆವ್ ಜಗಿಯುವುದನ್ನು ನಿಲ್ಲಿಸಿದಳು.

ರೆನ್‌ಳ ಉತ್ತರ ಆರ್ಲೊನ ನಾಲಿಗೆಯ ತುದಿಗೆ ಬಂದಿತ್ತು. ನಿನ್ನ ಮುಖ ಯಾವತ್ತೂ ಹಾಗೇ ಅಲ್ವಾ ಮುದ್ಕಪ್ಪ, ಅದಕ್ಕೆಲ್ಲ ಯಾರು ಬೆಲೆ ಕೊಡ್ತಾರೆ. ಅಷ್ಟು ಸಾಕಿತ್ತು. ಆರಿನ್ ನಕ್ಕು ಮನೆಗೆ ಹೋಗಿ ನಿದ್ದೆ ಮಾಡುತ್ತಿದ್ದ. ಆದರೆ ಸರಿಯಾದ ಉತ್ತರ ಆರ್ಲೊನಿಗೆ ಗೊತ್ತಿತ್ತು. ಅದು ಗೊತ್ತಿದ್ದದ್ದು ಅವನೊಬ್ಬನಿಗೇ.

ಅವನು ಪರದೆಯನ್ನು ಮಡಿಸಿ ಕುರ್ಚಿಯ ಕೆಳಗಿಟ್ಟ.

"ಬಾಗಿಲ ಸಂದಿಯಿಂದ ಒಂದು ಬಾಣ ಬರ್ತಿದೆ. ರೆನ್ ಕಡೆಗೆ," ಅಂದು ದಾಳವನ್ನು ಎಲ್ಲರ ಎದುರಿಗೇ ಉರುಳಿಸಿದ. ಕಡಿಮೆ ಬಿದ್ದರೆ ಸುಮ್ಮನಿರುವುದು, ಹೆಚ್ಚು ಬಿದ್ದರೆ ಹೇಳಿಬಿಡುವುದು ಎಂದುಕೊಂಡಿದ್ದ. ಹೇಡಿಯ ಲೆಕ್ಕಾಚಾರ, ಅದು ಅವನಿಗೂ ಗೊತ್ತು. ದಾಳ ಚೀಸ್ ಪೊಟ್ಟಣಕ್ಕೆ ತಾಗಿ ನಿಂತಿತು. ಹದಿನೇಳು.

"ತಪ್ಪಿತು ಅನ್ನು," ಆರಿನ್ ಅಂದ.

"ಹದಿನೇಳು ಬಿದ್ದಿದೆ ಆರಿನ್."

"ನಂಗೂ ಕಣ್ಣಿದೆ. ತಪ್ಪಿತು ಅನ್ನು."

"ಆವತ್ತು ಹನ್ನೆರಡೂವರೆಗೆ ಅವಳು ನಂಗೆ ಫೋನ್ ಮಾಡಿದ್ಲು," ಆರ್ಲೊ ಹೇಳಿದ. ಈಗ ಅವನ ದನಿ ಅವನದೇ ಆಗಿತ್ತು. ಬಹಳ ದಿನದಿಂದ ಬಳಸದ ದನಿಯಂತೆ ಒಡೆದಿತ್ತು. "ಬರಲ್ಲ ಅಂತ ಹೇಳೋಕೆ. ನೀನು ಅಷ್ಟರಲ್ಲಿ ಹೊರಟಿದ್ದೆ. ನಾನು ತಮಾಷೆ ಮಾಡ್ದೆ. ಬರದಿದ್ರೆ ರೆನ್ ನನ್ನ ಕೈಲಿರ್ತಾಳೆ, ನನ್ನ ಕೈಲಿ ಸಾಯಂಕಾಲದವರೆಗೆ ಉಳಿಯೋದು ಅನುಮಾನ ಅಂದೆ. ಸಾಯಿಸ್ಬೇಡ, ಹತ್ತು ನಿಮಿಷದಲ್ಲಿ ಬಂದೆ ಅಂದು ಫೋನಿಟ್ಲು. ನಿನ್ನ ಮುಖದಿಂದ ಅಲ್ಲ."

ಮೂಲೆಯಲ್ಲಿ ನೀರು ಕಾಯಿಸುವ ಗ್ಯಾಸ್ ಬಾಯ್ಲರ್ ತಾನಾಗಿಯೇ ಭುಸ್ ಎಂದು ಹೊತ್ತಿಕೊಂಡಿತು. ಆರಿನ್ ದಾಳವನ್ನೇ ನೋಡುತ್ತಾ ಕೂತಿದ್ದ.

"ಸಾಯಿಸ್ಬೇಡ ಅಂದ್ಲಾ?"

"ಹ್ಞೂ."

"ನಗ್ತಾ ಅಂದ್ಲಾ?"

"ನಗ್ತಾನೇ."

ಆರಿನ್ ತಲೆಯಾಡಿಸಿದ. "ಹದಿಮೂರು ತಿಂಗಳು ನೀನು ಅವಳ ಬಾಯಾಗಿ ಮಾತಾಡ್ದೆ. ಏನೇನೋ ಹೇಳಿಸ್ದೆ. ಅವಳು ನಿಜವಾಗ್ಲೂ ಅಂದ ಮಾತು ಒಂದೇ ಒಂದು. ಅದನ್ನ ಹೇಳ್ಲಿಲ್ಲ."

ಆರ್ಲೊ ಏನೋ ಹೇಳಹೊರಟ. ಬೆವ್ ಕೈಯೆತ್ತಿ ತಡೆದಳು.

ಆರಿನ್ ಮಗಳ ಹಾಳೆಯನ್ನು ಕವರ್‌ಗೆ ತೂರಿಸಿದ. ಹಾಳೆಯ ಮೂಲೆ ಮಡಚಿತು, ಹೊರತೆಗೆದು ಮತ್ತೆ ತೂರಿಸಿದ. ಮೆಟ್ಟಿಲ ಮೇಲೆ ಕೂತು ಬೂಟಿನ ಲಾಡಿ ಬಿಗಿದ. ಅದಕ್ಕೂ ಬಹಳ ಹೊತ್ತು ಹಿಡಿಯಿತು. ಇಬ್ಬರೂ ಬೇರೆ ಕಡೆ ನೋಡಿದರು. ಮೇಲೆ ಬಾಗಿಲು ಮುಚ್ಚಿತು. ಥಂಡಿಗೆ ಹಿಡಿದುಕೊಂಡಿದ್ದ ಕಾರು ಮೂರನೆಯ ಸಲಕ್ಕೆ ಸ್ಟಾರ್ಟ್ ಆಗಿ ನಿಧಾನಕ್ಕೆ ಹೋಯಿತು.

"ಹೇಳಬಾರದಿತ್ತಾ?" ಆರ್ಲೊ ಕೇಳಿದ.

"ಆವಾಗ್ಲೇ ಹೇಳಬೇಕಿತ್ತು," ಬೆವ್ ಅಂದಳು.

ಮುಂದಿನ ಭಾನುವಾರ ಒಂದೂವರೆಯವರೆಗೆ ಕಾದರು. ಆರಿನ್ ಬರಲಿಲ್ಲ. ಮೇಜಿನ ಮೇಲೆ ಅವನ ಪಾದ್ರಿಯ ಹಾಳೆ ಬಿಟ್ಟಲ್ಲೇ ಬಿದ್ದಿತ್ತು. ಆರ್ಲೊ ಪರದೆ ನಿಲ್ಲಿಸಲಿಲ್ಲ. ಬಾಗಿಲು ತೆರೆಯಿತು, ಬಿಲ್ಲುಗಾರ ಬಾಣ ಬಿಟ್ಟ, ಹೆಸರಿಲ್ಲದ ಯೋಧನ ಹೆಗಲಿಗೆ ನೆಟ್ಟಿತು. ಜೀವದಲ್ಲಿ ಐದು ಕಡಿತ.

"ಗಾಯ ಆಗಿದೆ," ಬೆವ್ ಅಂದಳು. "ಪಾದ್ರಿ ಏನ್ ಮಾಡ್ತಾನೆ?"

ಬರದವರದ್ದು ಅವನೇ ಆಡಿಸಬೇಕು. ಗಾಯ ಮುಟ್ಟುವ ಮೊದಲು ಆರಿನ್ ಹೇಗೆ ಗಂಟಲು ಸರಿಮಾಡಿಕೊಳ್ಳುತ್ತಾನೆ, ಯಾವ ಪದದ ಮೇಲೆ ದನಿ ಇಳಿಸುತ್ತಾನೆ, ಎಲ್ಲ ಆರ್ಲೊನಿಗೆ ಗೊತ್ತಿತ್ತು. ಬಾಯಿ ತೆರೆದರೆ ಬರುತ್ತಿತ್ತು.

"ಗೊತ್ತಿಲ್ಲ," ಅಂದ.

ಬೆವ್ ಪೆನ್ಸಿಲ್ ತಿರುಗಿಸಿ ತನ್ನ ಹಾಳೆಯ ಅಂಕಿಯನ್ನು ಉಜ್ಜಿ, ಪುಡಿ ಊದಿ, ಐದು ಕಡಿಮೆ ಬರೆದುಕೊಂಡಳು.