ನೀರು ಏರುವ ಹೊತ್ತಿಗೆ ಕ್ಯಾಂಪ್

ನಳಿನಾಕ್ಷಿಗೆ ಸಾಕಾಗಿತ್ತು. ಬೆಳಕು ಹರಿಯುವ ಮೊದಲೇ ನದಿಗೂ ಕಡಲಿಗೂ ನಡುವಿನ ಬೆಂಗ್ರೆಯಿಂದ ಫೆರಿ ಬೋಟ್ ಹತ್ತಬೇಕು. ಆಚೆ ದಡದಲ್ಲಿ ಮೀನಿನ ಬೋಟುಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮಧ್ಯಾಹ್ನದವರೆಗೆ ಕುಕ್ಕರಗಾಲಿನಲ್ಲಿ ಕೂತು ಸಿಗಡಿ ಸುಲಿಯಬೇಕು. ಮನೆಗೆ ಮರಳುವಷ್ಟರಲ್ಲಿ ಸೊಂಟ ಬಿದ್ದುಹೋಗಿರುತ್ತದೆ. ಅಂಥ ಹೊತ್ತಿನಲ್ಲಿ ಅಂಗಳದಲ್ಲಿ ಯಾರಾದರೂ ಕರಪತ್ರ ಹಿಡಿದುಕೊಂಡು ನಗುತ್ತ ನಿಂತಿದ್ದರೆ ಹೇಗಾಗಬೇಡ?

ಆ ದಿನ ನಿಂತಿದ್ದವಳು ಮುಫೀದಾ. ಪಕ್ಕದ ಮನೆಯ ಪಾತುಮ್ಮನ ಮಗಳು. ನದಿಯಾಚೆ ಪೇಟೆಯ ಬಲ್ಮಠದ ಒಂದು ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದುತ್ತಿದ್ದಳು.

"ನಳಿನಕ್ಕ, ನಮ್ಮಲ್ಲಿ ಸಾಮಾಜಿಕ ನ್ಯಾಯ ಸಪ್ತಾಹ ಉಂಟು. ಗುರುವಾರ ವಿಕಲಚೇತನರ ಕಾರ್ಡಿಗೆ ಕ್ಯಾಂಪ್. ಗುರುವಣ್ಣನನ್ನು ಕರ್ಕೊಂಡು ಬನ್ನಿ."

"ಕಳೆದ ವರ್ಷವೂ ಇತ್ತಲ್ಲ ನಿಮ್ಮ ನ್ಯಾಯ," ಎಂದು ನಳಿನಾಕ್ಷಿ ಚಪ್ಪಲಿ ಕಳಚಿದಳು. "ನನಗೆ ಉದಾಸೀನ ಆಗ್ತದೆ ಮಾರಾಯ್ತಿ. ಆ ಸುದ್ದಿಯೇ ಬೇಡ."

ಅವಳ ಸಿಟ್ಟಿಗೆ ಕಾರಣವಿತ್ತು. ಗಂಡ ಗುರುವಪ್ಪ ಮೀನುಗಾರಿಕೆಯ ಬೋಟಿನಲ್ಲಿ ದುಡಿಯುತ್ತಿದ್ದವನು. ಬಲೆ ಎಳೆಯುವ ಹಗ್ಗಕ್ಕೆ ಬಲಗಾಲು ಸಿಕ್ಕಿ, ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಕಳೆದ ವರ್ಷ ಇದೇ ಸಪ್ತಾಹಕ್ಕೆ ಬಂದ ಹುಡುಗರು ಅವನನ್ನು ಕ್ಯಾಂಪಿಗೆ ಹೊರಡಿಸಿದ್ದರು. ಆಗ ಕಡಲಿನ ಇಳಿತಕ್ಕೆ ನದಿಯಲ್ಲೂ ನೀರು ಇಳಿದಿತ್ತು. ಬೋಟು ದಡದ ಕಟ್ಟೆಗಿಂತ ತುಂಬಾ ಕೆಳಗಿತ್ತು. ಎರಡು ಕಾಲಿನವರು ಹಾರಿ ಇಳಿದರು. ಗುರುವಪ್ಪನನ್ನು ಮಾತ್ರ ನಾಲ್ಕು ಜನ ಮೀನಿನ ಬುಟ್ಟಿ ಇಳಿಸುವ ಹಾಗೆ ಕೈಕಾಲು ಹಿಡಿದು ಇಳಿಸಿದರು. ಯಾರೋ ಫೋಟೋ ಹೊಡೆದರು. ಅಷ್ಟೆಲ್ಲ ಆಗಿ ಬಲ್ಮಠ ಮುಟ್ಟುವಾಗ ಡಾಕ್ಟರು ಹೊರಟುಹೋಗಿದ್ದರು. ಕಾರ್ಡ್ ಸಿಗಲಿಲ್ಲ, ಫೋಟೋ ಮಾತ್ರ ಬೆಂಗ್ರೆಯ ಎಲ್ಲರ ಮೊಬೈಲಿಗೂ ಬಂತು. ಸಮಾಜಸೇವೆ ಮಾಡುವವರಿಗೆ ಫೋಟೋದ ಚಪಲ ಯಾಕಿಷ್ಟೋ, ದೇವರೇ ಬಲ್ಲ.

ಅಂದಿನಿಂದ ಗುರುವಪ್ಪ ಮನೆ ಬಿಟ್ಟು ಹೊರಡಲಿಲ್ಲ. ಜಗಲಿಯಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಹಳೆಯ ಜೊತೆಗಾರರು ಕರೆದರೂ ಹೋಗುತ್ತಿರಲಿಲ್ಲ. ಮನೆಯ ಭಾರವೆಲ್ಲ ನಳಿನಾಕ್ಷಿಯ ಮೇಲೆ ಬಿತ್ತು. ಸಿಗಡಿ ಸುಲಿದು ಸುಲಿದು ಅವಳ ಬೆರಳ ತುದಿಗಳು ಒಡೆದುಹೋಗಿದ್ದವು. ಅನ್ನ ಕಲಸಿದರೆ ಉರಿಯುತ್ತಿತ್ತು.

ಮುಫೀದಾ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತಳು.

"ಆ ಕಾರ್ಡಿನಿಂದ ಎಂತ ಸಿಗ್ತದೆ?" ಎಂದು ಕೊನೆಗೆ ನಳಿನಾಕ್ಷಿಯೇ ಕೇಳಿದಳು.

"ಅದು ಇದ್ರೆ ಪಿಂಚಣಿಗೆ ಅರ್ಜಿ ಹಾಕ್ಬಹುದು ಅಕ್ಕ. ಬಸ್ ಪಾಸಿಗೆ ಕೇಳ್ಬಹುದು. ಕೃತಕ ಕಾಲಿಗೂ ಕೇಳ್ಬಹುದು. ಡಾಕ್ಟರು ಕಾಲು ನೋಡಿ ಎಷ್ಟು ಶೇಕಡಾ ತೊಂದರೆ ಅಂತ ಬರೀತಾರೆ. ಆಧಾರ್ ಕಾರ್ಡ್ ಮತ್ತೆ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ಸಾಕು. ಅರ್ಜಿ ಆನ್‌ಲೈನಲ್ಲಿ ನಾನೇ ಹಾಕಿ ಕೊಡ್ತೇನೆ."

"ಕಾಲು ಇಲ್ಲ ಅಂತ ನೋಡಿದ ಕೂಡ್ಲೆ ಗೊತ್ತಾಗ್ತದಲ್ಲ. ಅದಕ್ಕೂ ಕಾರ್ಡ್ ಬೇಕಾ?"

"ನಮಗೆ ಗೊತ್ತಾಗ್ತದೆ. ಆಫೀಸಿಗೆ ಗೊತ್ತಾಗ್ಬೇಕಲ್ಲ."

ಜಗಲಿಯಲ್ಲಿ ಕೂತಿದ್ದ ಗುರುವಪ್ಪ ಬಲೆಯಿಂದ ತಲೆ ಎತ್ತದೆ ಕೇಳಿದ, "ಗುರುವಾರ ಎಷ್ಟು ಗಂಟೆಗೆ?"

"ಬೆಳಿಗ್ಗೆ ಹತ್ತಕ್ಕೆ, ಗುರುವಣ್ಣ."

"ಗುರುವಾರ ಹತ್ತು ಗಂಟೆಗೆ ನೀರು ಎಲ್ಲಿರ್ತದೆ?"

ಮುಫೀದಾ ಕೈಯಲ್ಲಿದ್ದ ಕರಪತ್ರ ನೋಡಿದಳು. ಗುರುವಾರ ಬೆಳಿಗ್ಗೆ ನೀರು ಪೂರ್ತಿ ಇಳಿದಿರುತ್ತದೆ. ಬೆಂಗ್ರೆಯ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. ಅವಳ ಅಪ್ಪ ಖಾಲಿದ್ ಇದೇ ಫೆರಿ ಬೋಟ್ ನಡೆಸುವವರು. ಆದರೆ ದಿನಾ ಬ್ಯಾಗ್ ಹೆಗಲಿಗೇರಿಸಿ ಜಿಗಿಯುವ ಕಾಲಿಗೆ ಕಟ್ಟೆಯ ಎತ್ತರ ನೆನಪಿರುವುದಿಲ್ಲ. ಕ್ಯಾಂಪಿನ ಹೊತ್ತು ಗೊತ್ತು ಮಾಡುವ ಸಭೆಯಲ್ಲಿ ಅವಳೂ ಕೂತಿದ್ದಳು, ಹತ್ತು ಗಂಟೆಗೆ ಹೂಂ ಅಂದಿದ್ದಳು.

"ಆಟೋದಲ್ಲಿ ಸೇತುವೆ ದಾಟಿ ಸುತ್ತು ಹಾಕಿ ಬರ್ಬಹುದಲ್ಲ?" ಎಂದಳು ಮೆಲ್ಲಗೆ.

"ಅಷ್ಟು ದೂರ ಆಟೋಗೆ ಕೊಡುವ ಗತಿ ಇದ್ರೆ ನಿನ್ನ ಪಿಂಚಣಿ ಯಾಕೆ?" ಎಂದಳು ನಳಿನಾಕ್ಷಿ.

"ನನ್ನನ್ನು ಇನ್ನೊಮ್ಮೆ ಯಾರೂ ಎತ್ತುವುದು ಬೇಡ," ಎಂದ ಗುರುವಪ್ಪ. "ಕಾರ್ಡ್ ಇಲ್ಲದಿದ್ರೆ ಇಲ್ಲ."

ನಳಿನಾಕ್ಷಿಗೆ ಅಳು ಬಂತು. ಗಂಡನ ಮೇಲೆ ಕೋಪವೂ ಬಂತು, ಕನಿಕರವೂ ಬಂತು. ಯಾವುದನ್ನೂ ತೋರಿಸುವಷ್ಟು ತ್ರಾಣವಿಲ್ಲದೆ ಒಳಗೆ ಹೋಗಿ ಅನ್ನಕ್ಕೆ ನೀರಿಟ್ಟಳು.

ಮರುದಿನ ಮುಫೀದಾ ತನ್ನ ಅಧ್ಯಾಪಕಿ ಅಶ್ಮಿತಾ ಮೇಡಂ ಹತ್ತಿರ ಹೋದಳು. ಕಾರ್ಯಕ್ರಮದ ಪತ್ರಿಕೆ ಪ್ರಿಂಟಾಗಿತ್ತು. ಬೆಳಿಗ್ಗೆ ಕ್ಯಾಂಪ್, ಮಧ್ಯಾಹ್ನದ ಮೇಲೆ ಒಳಗೊಳ್ಳುವಿಕೆಯ ಬಗ್ಗೆ ಭಾಷಣ.

"ಮೇಡಂ, ಭಾಷಣವನ್ನು ಬೆಳಿಗ್ಗೆ ಮಾಡುವ. ಮೂರು ಗಂಟೆ ದಾಟಿದ್ರೆ ನೀರು ಏರ್ತದೆ, ಬೋಟು ಕಟ್ಟೆಯ ಸಮ ಬರ್ತದೆ. ತಪ್ಪು ನನ್ನದೇ, ನಾನು ಸಭೆಯಲ್ಲಿ ಹೇಳ್ಬೇಕಿತ್ತು."

ಮೇಡಂಗೂ ಆ ವಾರವಿಡೀ ಓಡಾಡಿ ಮಂಡೆ ಬಿಸಿಯಾಗಿತ್ತು. ಆದರೂ ಡಾಕ್ಟರಿಗೆ ಫೋನ್ ಮಾಡಿದರು. ಡಾಕ್ಟರು ಮೂರು ಗಂಟೆಯ ಮೇಲೆ ಬರಲು ಒಪ್ಪಿದರು. ಒಪ್ಪದೆ ಗೊಣಗಿದವರು ಭಾಷಣಕಾರರು ಮಾತ್ರ.

"ಮತ್ತೆ ಮೇಡಂ, ಕ್ಯಾಂಪ್ ಮಾಳಿಗೆಯಲ್ಲಿ ಬೇಡ. ಕೆಳಗಿನ ಕೋಣೆ ಆಗ್ಬೇಕು."

"ಅದೂ ಹೌದು," ಎಂದರು ಮೇಡಂ.

ಬುಧವಾರ ಸಂಜೆ ಮುಫೀದಾ ಮತ್ತೆ ಬೆಂಗ್ರೆಯ ಅಂಗಳದಲ್ಲಿ ನಿಂತು, ಕ್ಯಾಂಪ್ ಮೂರು ಗಂಟೆಯ ಮೇಲೆ, ನೀರು ಏರಿದ ಹೊತ್ತಿಗೆ ಎಂದಳು. ನಳಿನಾಕ್ಷಿ ನಂಬಲಿಲ್ಲ. "ಫೋಟೋ ತೆಗೆಯುವವರು?" ಎಂದು ಕೇಳಿದಳು.

"ಇಲ್ಲ ಅಕ್ಕ. ಕೇಳದೆ ಯಾರೂ ಮೊಬೈಲ್ ಎತ್ತಬಾರ್ದು ಅಂತ ಹೇಳಿ ಆಗಿದೆ."

ನಳಿನಾಕ್ಷಿ ಗಂಡನ ಕಡೆ ನೋಡಿದಳು. ಗುರುವಪ್ಪ ಬಲೆ ಹೆಣೆಯುತ್ತಲೇ ಇದ್ದ. ಆದರೆ ಗುರುವಾರ ಅವಳು ದಕ್ಕೆಯಿಂದ ಬರುವಷ್ಟರಲ್ಲಿ ಗಡ್ಡ ಕೆರೆದು, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಕೂತಿದ್ದ.

ಕಟ್ಟೆಯಲ್ಲಿ ಖಾಲಿದ್ ಬೋಟನ್ನು ಅಲುಗಾಡದ ಹಾಗೆ ಹಗ್ಗ ಬಿಗಿದು ನಿಲ್ಲಿಸಿದ್ದರು. ನೀರು ತುಂಬಿತ್ತು. ಗುರುವಪ್ಪ ಊರುಗೋಲನ್ನು ಮೊದಲು ಬೋಟಿನೊಳಗೆ ಊರಿದ. ನಳಿನಾಕ್ಷಿ ಹಿಡಿಯಲು ಕೈ ಚಾಚಿದಳು.

"ಬೇಡ, ನೀನು ಹತ್ತು," ಎಂದು ಅವನು ದಾಟಿದ. ಒಂದು ಹೆಜ್ಜೆ, ಅಷ್ಟೆ. ಬೋಟಿನಲ್ಲಿದ್ದವರು ಯಾರೂ ತಿರುಗಿ ನೋಡಲಿಲ್ಲ. ಅವನಿಗೆ ಬೇಕಾಗಿದ್ದದ್ದೂ ಅದೇ.

ಬಲ್ಮಠದಲ್ಲಿ ಇಬ್ಬರು ವಿದ್ಯಾರ್ಥಿಗಳು ಶಾಲು ಹಿಡಿದು ಬಂದರು. ಗುರುವಪ್ಪ, "ಶಾಲು ಮತ್ತೆ ನೋಡುವ. ಡಾಕ್ಟರು ಯಾವ ಕೋಣೆಯಲ್ಲಿ?" ಎಂದ. ಡಾಕ್ಟರು ಕಾಲು ಪರೀಕ್ಷಿಸಿದರು, ಬರೆದುಕೊಂಡರು. ಕಾರ್ಡ್ ಬರಲು ಸಮಯ ಹಿಡಿಯುತ್ತದೆ, ಬೆನ್ನು ಹತ್ತಬೇಕು ಎಂದೂ ಹೇಳಿದರು. ಮುಫೀದಾ ಹೂಂ ಅಂದಳು. ಸಪ್ತಾಹ ಮುಗಿದು ಬ್ಯಾನರ್ ಇಳಿದ ಮೇಲೂ ವಾರವಾರ ವಿಚಾರಿಸಿದಳು. ಕಾರ್ಡ್ ಕೈಗೆ ಬಂದದ್ದು ಹಾಗೆ.

ಕ್ಯಾಂಪಿನಿಂದ ಆ ಗುರುವಾರ ಮರಳುವಾಗ ನಳಿನಾಕ್ಷಿ ಬೋಟಿನ ಹಲಗೆಗೆ ಒರಗಿ ಕಣ್ಣು ಮುಚ್ಚಿದ್ದಳು. ಗುರುವಪ್ಪ ಅವಳ ಭುಜ ಮುಟ್ಟಿದ.

"ನಮ್ಮ ಕೇರಿಯ ಸೆವರಿನ್‌ಗೂ ಈ ಕಾರ್ಡ್ ಆಗ್ತದಲ್ಲ? ಅವನಿಗೆ ಕಣ್ಣು ಕಾಣದೆ ವರ್ಷ ಎಷ್ಟಾಯ್ತು. ಮನೆಯಿಂದಲೇ ಹೊರಡುವುದಿಲ್ಲ."

"ಆಗ್ತದೆ ಅಂತ ಕಾಣ್ತದೆ," ಎಂದಳು ಅವಳು ಕಣ್ಣು ತೆರೆಯದೆ. ಹೇಳಿ ಬರುವ ಕೆಲಸವೂ ತನ್ನ ತಲೆಗೇ ಬಂತು ಅಂದುಕೊಂಡಳು. "ನಾಳೆ ದಕ್ಕೆಯಿಂದ ಬಂದ ಮೇಲೆ ಹೋಗಿ ಹೇಳ್ತೇನೆ."

"ನೀನು ಮಲಗು. ನಾನೇ ಹೋಗ್ತೇನೆ."

ನಳಿನಾಕ್ಷಿ ಕಣ್ಣು ತೆರೆದು ಗಂಡನನ್ನು ನೋಡಿದಳು. ಒಂದು ವರ್ಷದಿಂದ ಅಂಗಳ ದಾಟದವನು ನಾಳೆ ಹೋಗುವ ದಾರಿಯನ್ನು ಯೋಚಿಸುತ್ತಿದ್ದ. ಅವಳಿಗೆ ತುಂಬಾ ಸಮಾಧಾನವಾಯಿತು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹೀಗೆ ಒಳಗೇ ಉಳಿದುಹೋದವರು ಇದ್ದಾರಾ? ವಿಕಲಚೇತನರ ಕಾರ್ಡಿಗೆ ಇವತ್ತೇ ಅರ್ಜಿ ಹಾಕಿಸಿ. ಕ್ಯಾಂಪಿನ ಹೊತ್ತು, ಜಾಗ ನಿಮಗೆ ಆಗುವುದಿಲ್ಲವಾದರೆ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿ. ಅದರಲ್ಲಿ ನಾಚಿಕೆಯಿಲ್ಲ. ಕ್ಯಾಂಪ್ ನಡೆಸುವ ಮಕ್ಕಳೇ, ಪತ್ರಿಕೆ ಪ್ರಿಂಟ್ ಮಾಡುವ ಮೊದಲು ಬರಬೇಕಾದವರನ್ನು ಒಂದು ಮಾತು ಕೇಳಿ: ನಿಮಗೆ ಯಾವಾಗ ಬರಲು ಆಗುತ್ತದೆ?