ಕೆರೆಗಿಳಿದಾಕೆ

ಮೂರನೆಯ ಸಾಲು ಮುಗಿಸಿ ಭೀಮಶಿ ಚಾಣ ಕೆಳಗಿಟ್ಟ. ಕರಿಗಲ್ಲಿನ ಮೇಲೆ ಕೂತಿದ್ದ ಪುಡಿಯನ್ನು ಬಾಯಿಂದ ಊದಿದಾಗ ಅಕ್ಷರಗಳು ಒಂದೊಂದಾಗಿ ಕಣ್ಣುಬಿಟ್ಟವು: ‘ಕೇರಿಯ ಕೊಡವನ್ನು ಮೊಟ್ಟಮೊದಲು ಈ ಕೆರೆಯಲ್ಲಿ ಅದ್ದಿ, ಊರ ಕಟ್ಟಳೆಯನ್ನು ಮುರಿದ ದಿಟ್ಟ ಲೇಖಕಿ’. ಇನ್ನು ಹೆಸರೊಂದೇ ಬಾಕಿ. ಅದಕ್ಕೆಂದೇ ಕೆಳಗೆ ಅಗಲವಾಗಿ ಜಾಗ ಬಿಟ್ಟಿದ್ದ.

“ಯಾಕ ನಿಂದರಿಸಿದಿ?” ಶೆಡ್ಡಿನ ಬಾಗಿಲಲ್ಲಿ ಬೀಡಿ ಸೇದುತ್ತ ಕೂತಿದ್ದ ಶರೀಫಸಾಬ ಕೇಳಿದ. ಅಣ್ಣಿಗೇರಿಯ ಗದಗ ರಸ್ತೆಯ ಬದಿಗಿದ್ದ ಆ ಕಲ್ಲಿನ ಶೆಡ್ಡು ಅವನದು.

“ಹೆಸರು ಹೊಡಿಯೂಕಿಂತ ಮೊದಲ ಅಕ್ಕಾರಿಗೆ ಒಂದ ಸಲ ತೋರಿಸಿ ಬರ್ತೀನಿ ಕಾಕಾ.”

“ತೋರಿಸೂದೇನೈತಲೇ? ಮಡಿವಾಳೆಪ್ಪ ಬರಕೊಟ್ಟಾನ, ಪಂಚಾಯ್ತಿ ಶಿಕ್ಕಾ ಹೊಡದಾನ. ನಾಡದ್ದು ಕೆರಿ ದಂಡಿ ಮ್ಯಾಲೆ ಕಾರ್ಯಕ್ರಮ.”

“ಕಲ್ಲಿನ ಮ್ಯಾಲೆ ಬಿದ್ದದ್ದು ಅಳಸಾಕ ಬರೂದಿಲ್ಲ ಕಾಕಾ,” ಎಂದು ಭೀಮಶಿ ಮಡಿವಾಳೆಪ್ಪನ ಕಾಗದವನ್ನು ಅಂಗಿಯ ಜೇಬಿಗೆ ತುರುಕಿ ಬೈಕು ಹತ್ತಿದ.

ಅಳಿಸಲು ಬರುವುದಿಲ್ಲ ಎಂಬುದು ನೆಪ. ನಿಜವಾಗಿ ಅವನಿಗೆ ಅಕ್ಕಾರ ಮುಖ ನೋಡಬೇಕಿತ್ತು. ಇಪ್ಪತ್ತಮೂರು ವರ್ಷದಲ್ಲಿ ಭೀಮಶಿ ಸಿಟ್ಟಿಲ್ಲದೆ ಮಾಡಿದ ಕೆಲಸ ಇದೊಂದೇ. ಎಂಟನೆಯ ಇಯತ್ತೆಯಲ್ಲಿದ್ದಾಗ ಮಾಸ್ತರನೊಬ್ಬ “ನಿಮ್ಮಂಥವರು ಶಾಲಿಗೆ ಬರೂದು ಸ್ಕಾಲರ್‌ಶಿಪ್ಪಿಗಷ್ಟ” ಅಂದದ್ದಕ್ಕೆ ಪಾಟಿಚೀಲ ಅವನ ಕಾಲ ಮೇಲೆ ಬಿಸಾಕಿ ಬಂದವನು ಮತ್ತೆ ಆ ಕಡೆ ಹೊಳ್ಳಿ ನೋಡಿರಲಿಲ್ಲ. ಆಗ ಪಡಸಾಲೆಗೆ ಕರೆದು ಕೈಗೆ ಪುಸ್ತಕ ಕೊಟ್ಟವರು ಈ ಅಕ್ಕಾರು, ಲೇಖಕಿ ಮಲ್ಲಕ್ಕ. ಈ ಸೀಮೆಯಲ್ಲಿ ಹೆಣ್ಣುಮಗಳ ಹೆಸರು ಅಚ್ಚಿನಲ್ಲಿ ಬಂದರೆ ಮನೆತನದ ಮೂಗು ಕೊಯ್ದಂತೆ ಎಂದು ತಿಳಿದಿದ್ದ ಕಾಲದಲ್ಲಿ ಬರೆದವರು. ಗಂಡನ ಮನೆಯವರು ನೋಟುಬುಕ್ಕುಗಳನ್ನು ಹಂಡೆಯ ಒಲೆಗೆ ಹಾಕಿದಾಗ ಉಟ್ಟ ಸೀರೆಯಲ್ಲೇ ತವರಿಗೆ ನಡೆದುಬಂದು ಮತ್ತೆ ಮೊದಲ ಪುಟದಿಂದ ಬರೆದವರು. ‘ಎರಡು ಸಾಲು ತೆಗೆದರೆ ಬಹುಮಾನ’ ಅಂದವರಿಗೆ ಶಾಲು ಮಡಚಿ ವಾಪಸು ಕಳಿಸಿದವರು. ‘ಬಾಳಿದ್ರ ಅಕ್ಕಾರಂಗ ಬಾಳಬೇಕಲೇ’ ಎಂದು ಭೀಮಶಿ ಕೇರಿಯ ಹುಡುಗರ ಎದುರು ಎಷ್ಟು ಸಲ ಅಂದಿದ್ದನೋ ಅವನಿಗೇ ಲೆಕ್ಕವಿಲ್ಲ.

ಎಲ್ಲಕ್ಕಿಂತ ದೊಡ್ಡದು ಕೆರೆಯ ಸಂಗತಿ. ಎರೆಭೂಮಿಯ ಅವರ ಊರಲ್ಲಿ ಎಲ್ಲಿ ಅಗೆದರೂ ಉಪ್ಪುನೀರು. ಬಾಯಿಗೆ ಹಾಕಲು ಬರುವುದು ಕೆರೆಯ ನೀರೊಂದೇ. ಕೇರಿಯವರು ಕೆರೆಗೆ ಇಳಿಯುವಂತಿರಲಿಲ್ಲ. ದಂಡೆಯ ಮೇಲೆ ಕೊಡ ಇಟ್ಟುಕೊಂಡು ಕಾಯಬೇಕು; ಯಾರಾದರೂ ಕರುಣೆ ಬಂದವರು ಎತ್ತರದಿಂದ ಹುಯ್ಯಬೇಕು. ಐವತ್ತು ವರ್ಷದ ಹಿಂದೆ ಅಂಥದೊಂದು ಕೊಡವನ್ನು ಮಲ್ಲಕ್ಕ ತನ್ನ ಕೈಯಾರೆ ಕೆರೆಯಲ್ಲಿ ಅದ್ದಿ, ಸೊಂಟದ ಮೇಲಿಟ್ಟುಕೊಂಡು, ಹಾಡುಹಗಲು ಊರ ಅಗಸಿಬಾಗಿಲ ಮುಂದೆ ನಡೆದಿದ್ದಳು. ಅವಳ ಮೊದಲ ಪುಸ್ತಕದಲ್ಲಿ ಅದು ಹನ್ನೊಂದು ಪುಟ. ಅಲ್ಯುಮಿನಿಯಮ್ಮಿನ ಆ ಜರ್ಮನ್ ಕೊಡ ಇವತ್ತಿಗೂ ಅವಳ ಪಡಸಾಲೆಯ ಗೋಡೆಯ ಮಾಡದಲ್ಲಿದೆ. ಬಂದ ಸಾಹಿತಿಗಳು ಅದರ ಬಾಜು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗುವವನು ಭೀಮಶಿಯೇ.

ಮಲ್ಲಕ್ಕ ಕಾಗದವನ್ನು ಭೂತಗನ್ನಡಿಯ ಕೆಳಗೆ ಹಿಡಿದು ಓದಿದಳು. ಎರಡನೆಯ ಸಲ ಓದಿದಳು. ತಮ್ಮನ ಸೊಸೆ ತಂದಿಟ್ಟ ಚಹಾ ಇಬ್ಬರ ನಡುವೆ ಹಬೆಯಾಡುತ್ತಿತ್ತು.

“ಈ ಕಲ್ಲು ಬ್ಯಾಡೋ ಭೀಮ್ಯಾ.”

“ಅಕ್ಷರ ತಪ್ಪೈತೇನ್ರಿ?”

“ಅಕ್ಷರ ನೆಟ್ಟಗದಾವ. ಮಾತು ಸುಳ್ಳೈತಿ.” ಆಕೆ ಕನ್ನಡಿಯನ್ನು ಮಡಿಲಿಗಿಟ್ಟಳು. “ನೀರಾಗ ಇಳಿದಾಕಿ ನಾ ಅಲ್ಲ. ನಿಮ್ಮ ಆಯಿ. ನಿಮ್ಮಪ್ಪನ ಅವ್ವ, ತಾಯವ್ವ.”

ಭೀಮಶಿ ನಕ್ಕ. ಅಕ್ಕಾರು ಕೆಲವು ಸಲ ಹೀಗೆ ಚಾಷ್ಟಿ ಮಾಡುವುದುಂಟು. ಆದರೆ ಆಕೆ ನಗಲಿಲ್ಲ.

“ಬ್ಯಾಸಗಿ. ಕೆರಿ ತಳಾ ಹತ್ತಿತ್ತು. ಹುಯ್ಯಾಂವ ಯಾರೂ ಬಂದಿರಲಿಲ್ಲ. ನಿಮ್ಮಪ್ಪ ಲಕ್ಷ್ಮಣಪ್ಪ ಆಗ ಆರ ತಿಂಗಳ ಕೂಸು, ಮೈ ಕೆಂಡದ್ಹಂಗ ಸುಡಾಕತ್ತಿತ್ತಂತ. ನಾ ಮ್ಯಾಲಿನ ಮೆಟ್ಟಲದಾಗ ಅರಿವಿ ಒಗೀತಿದ್ದೆ. ನನ್ನ ಕಣ್ಣ ಮುಂದ ಇಳದ್ಳು, ತುಂಬಿದ್ಳು. ಅಷ್ಟರಾಗ ದಂಡಿ ಮ್ಯಾಲಿಂದ ಒಬ್ಬಾಂವ ಒದರಿದ. ಆಕಿ ಕೊಡಾ ಅಲ್ಲೇ ಬಿಟ್ಟು ಜಾಲಿಗಿಡದಾಗ ಓಡಿದ್ಳು. ಮಂದಿ ಕೂಡಿತು. ‘ಯಾರ ಇಳದಾವರು’ ಅಂದ್ರು. ಹುಡುಕಿದ್ರ ಸಿಗತಿದ್ಳು. ನಾ ಕೊಡಾ ಎತ್ತಿ ಸೊಂಟದ ಮ್ಯಾಲಿಟಗೊಂಡು ‘ನಾನs, ಏನೀಗ’ ಅಂದೆ. ಗೌಡರ ಮಗಳಿಗೆ ಏನ ಮಾಡತಾರ?”

“ಅದೂ ದೊಡ್ಡದ ಅಲ್ಲೇನ್ರಿ ಅಕ್ಕಾರ,” ಎಂದ ಭೀಮಶಿ. ಅವನ ದನಿ ಅವನಿಗೇ ಬೇರೆಯವರದ್ದಾಗಿ ಕೇಳಿಸಿತು.

“ಆ ಒಂದ ದಿನಕ್ಕ ದೊಡ್ಡದು. ಮರುವರ್ಷ ಬರಿಯೂಮುಂದ ‘ನಾನು’ ಅಂತನ ಬರದೆ. ಖರೇ ಬರದ್ರ ಆಕಿ ಮನಿ ಉಳಿಯೂದಿಲ್ಲ ಅಂತ. ಅಲ್ಲೀಮಟಾ ಸರಿ. ಎರಡನೇ ಸಲ ಅಚ್ಚಾತು, ಮೂರನೇದಾತು, ನೀರು ನಳದಾಗ ಬಂತು. ಇನ್ನ ಅಂಜೂದು ಯಾರಿಗಿತ್ತು? ಪ್ರತಿ ಸಲ ತಿದ್ದಬೇಕಂತ ಕುಂದರತಿದ್ದೆ. ಕೈ ಬರಲಿಲ್ಲಪಾ. ಎಲ್ಲಾರೂ ಆ ಹನ್ನೊಂದು ಪುಟಕ್ಕನ ನನ್ನ ಗಟ್ಟಿಗಿತ್ತಿ ಅಂತಿದ್ರು.”

“ಐವತ್ತು ವರ್ಷ, ಅಕ್ಕಾರ! ಆ ಕೊಡಾ ನನ್ನ ಕೈಲೆ ತಿಕ್ಕಿಸಿದ್ರಿ!”

ಆಕೆ ಪೆನ್ನು ಎತ್ತಿಕೊಂಡಳು. ಅದೇ ಕಾಗದದ ಬೆನ್ನಿಗೆ ಬರೆದಳು: ‘ನೀರು ತುಂಬಿದವಳು ನಾನಲ್ಲ, ಕೇರಿಯ ತಾಯವ್ವ. ನನ್ನ ಹೆಸರು ಹಾಕಬಾರದು.’ ಕೆಳಗೆ ಸಹಿ. “ಮಡಿವಾಳೆಪ್ಪನ ಕೈಯಾಗ ಕೊಡು. ನಾ ಕಾರ್ಯಕ್ರಮಕ್ಕ ಬರೂದಿಲ್ಲ ಅಂತ ಹೇಳು.”

ಈ ಮನೆಯಲ್ಲಿ ಅಕ್ಕಾರು ಕುಡಿದ ಲೋಟದಂಥದ್ದೇ ಲೋಟದಲ್ಲಿ ಚಹಾ ಕುಡಿಯುವುದು ಭೀಮಶಿಗೆ ಯಾವತ್ತೂ ಹೆಮ್ಮೆ. ಅವತ್ತು ಚಹಾದ ಮೇಲೆ ಕೆನೆ ಕಟ್ಟಿತು. ಮುಟ್ಟದೆ ಎದ್ದುಬಂದ.

ತಾಯವ್ವ ಮನೆಯ ಮುಂದಿನ ನೆರಳಲ್ಲಿ ಕಾಲು ಚಾಚಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಎದುರಿಗೆ ಸೊಂಟದೆತ್ತರದ ಕೆಂಪು ರಾಶಿ. ಭೀಮಶಿ ಬೈಕು ನಿಲ್ಲಿಸಿದ ಸಪ್ಪಳಕ್ಕೇ ಆಕೆ ತಲೆ ಎತ್ತಿದಳು.

“ಯಾರ ಮ್ಯಾಲಿನ ಸಿಟ್ಟು ಗಾಡಿ ಮ್ಯಾಲೆ ತಗಿಯಾಕತ್ತಿ?”

“ಕೆರಿಗೆ ಇಳದಾಕಿ ನೀನಂತ?”

ತಾಯವ್ವ ಇನ್ನೊಂದು ಕಾಯಿ ಎತ್ತಿಕೊಂಡಳು. ಆಮೇಲೆ ತೊಟ್ಟು ಚಟ್ಟನೆ ಮುರಿಯಿತು. “ಹೇಳಿದ್ಳಾ? ಹೇಳೂದಿಲ್ಲ ಅಂದಕೊಂಡಿದ್ದೆ.”

“ನೀ ಯಾಕ ಹೇಳಲಿಲ್ಲಬೇ ಆಯಿ?”

“ಯಾರಿಗೆ ಹೇಳಲಿ? ಆಗ ಹೇಳಿದ್ರ ನೀ ಹುಟ್ಟತಿದ್ದಿಲ್ಲ.”

“ಆಮ್ಯಾಲರ?”

“ಆಮ್ಯಾಲೆ ಮರತೆ.”

“ಸುಳ್ಳು ಹೇಳಬ್ಯಾಡ!”

“ಹೂಂ, ಸುಳ್ಳು,” ಎಂದಳು ತಾಯವ್ವ, ಬೇಸರವಿಲ್ಲದೆ. “ನೀನs ಮರಿಯಾಕ ಎಲ್ಲಿ ಬಿಟ್ಟಿ? ಆ ಪುಸ್ತಕ ತಂದು ಹತ್ತ ಸಲ ಓದಿ ಹೇಳಿದಿ. ‘ಆಯಿ, ಕೇಳಿಲ್ಲೆ, ಅಕ್ಕಾರ ಎಂಥಾ ಎದಿಗಾರ್ತಿ. ನಮ್ಮಂದಿಗೆ ಇಂಥಾ ಧೈರ್ಯ ಯಾವಾಗ ಬರತೈತಿ’ ಅಂತಿದ್ದಿ. ನಾ ಹಲ್ಲಿಗೆ ತಂಬಾಕ ಹಚ್ಚಿಕೋತ ಕೇಳತಿದ್ದೆ.”

ಭೀಮಶಿ ಹೊಸ್ತಿಲತ್ತ ನೋಡಿದ. ಓದಿದ್ದು ನೆನಪಿತ್ತು. ಅಲ್ಲೇ ಕೂತು, ಬೆರಳಿಟ್ಟು, ದನಿ ಏರಿಸಿ ಓದುತ್ತಿದ್ದ. ಆಯಿಯ ಮುಖ ಹೇಗಿತ್ತೆಂಬುದು ಮಾತ್ರ ಎಷ್ಟು ಕೆದಕಿದರೂ ನೆನಪಾಗಲಿಲ್ಲ. ನೋಡಿರಲೇ ಇಲ್ಲ.

“ಒಂದ ತಪ್ಪು ಬರದಾಳ ಅದರಾಗ,” ತಾಯವ್ವ ಅಂದಳು. “‘ತಣ್ಣನೆಯ ನೀರಿಗೆ ಕಾಲಿಟ್ಟಾಗ ಮೈ ಜುಂ ಅಂದಿತು’ ಅಂತ ನೀ ಓದತಿದ್ದ್ಯಲ್ಲ? ತಣ್ಣಗಿರಲಿಲ್ಲ. ಮೊಣಕಾಲ ಮಟಾ ಇದ್ದ ನೀರು, ಸುಡು ಬಿಸಲು. ಎಮ್ಮಿ ಉಚ್ಚಿಯಂಗ ಬೆಚ್ಚಗಿತ್ತು.”

“ನಾ ಕಲ್ಲಿನ ಮ್ಯಾಲೆ ನಿನ್ನ ಹೆಸರು ಹೊಡೀತೀನಿ. ಯಾಂವ ಬರತಾನ ಬರಲಿ.”

“ನನ್ನ ಕೇಳಿದೇನ?”

“ಕೇಳೂದೇನೈತಿ? ಖರೇ ಐತಿ, ಹೊಡೀತೀನಿ.”

“ಆಕಿನೂ ಕೇಳಲಿಲ್ಲ, ನೀನೂ ಕೇಳವಲ್ಲಿ.” ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಖಾರಕ್ಕೋ ಏನೋ, ಕಣ್ಣು ಬೆಳಗಿನಿಂದ ಕೆಂಪಗಿದ್ದವು. “ಒಂದ ಸಲ ಜಾಲಿಗಿಡದಾಗ ಓಡೇನಿ, ಸಾಕು. ಕಲ್ಲಿನ ಮ್ಯಾಲೆ ಸತ್ತವರ ಹೆಸರ ಹಾಕತಾರ. ನಾ ಇನ್ನೂ ಕಾಯಿ ಮುರಿಯಾಕತ್ತೀನಿ.”

“ಅಕ್ಕಾರೂ ಸತ್ತಿಲ್ಲಲ್ಲ?”

“ದೊಡ್ಡವರಾದವರು ಅರ್ಧಾ ಸತ್ತಂಗನಪ.” ಒಂದು ಹಿಡಿ ತೊಟ್ಟನ್ನು ಬದಿಗೆ ಸರಿಸಿ, ತನಗೇ ಎಂಬಂತೆ ಸೇರಿಸಿದಳು: “ಕೊಡಾ ಒಂದ ಹೊಳ್ಳಿ ಕೊಟ್ಟಿದ್ರ ಆಗತಿತ್ತು. ತವರಿನವರು ಕೊಟ್ಟಿದ್ದು. ಆಮ್ಯಾಲೆ ಆರ ವರ್ಷ ಮಣ್ಣಿನ ಕೊಡದಾಗ ನೀರ ಹೊತ್ತೆ.”

ಪಂಚಾಯ್ತಿ ಕಟ್ಟೆಯ ಮೇಲೆ ಮೆಂಬರ್ ಮಡಿವಾಳೆಪ್ಪ ಕಾಗದದ ಬೆನ್ನಿನ ಬರಹ ಓದಿ, ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.

“ಎಂಥಾ ನಿಗರ್ವಿ ನೋಡಪಾ! ಮಾಡಿದ್ದೆಲ್ಲಾ ಮಾಡಿ ‘ನಾ ಅಲ್ಲ’ ಅಂತಾರ.”

“ನಿಗರ್ವಿ ಅಲ್ರಿ, ಖರೇ ಬರದಾರ. ಹೆಸರೂ ಬರದಾರ, ನೆಟ್ಟಗ ಓದ್ರಿ.”

“ಓದೀನೋ ತಮ್ಮಾ. ದೊಡ್ಡ ಮಂದಿ ತಮ್ಮ ಕೀರ್ತಿ ಇನ್ನೊಬ್ಬರಿಗೆ ಹಿಂಗ ಹಂಚತಾರ. ಅದನ್ನ ನಾವು ಹಂಗs ತಗೋಬಾರದು.” ಕಾಗದ ಅವನ ಜೇಬಿಗಿಳಿಯಿತು. ಅವನ ದನಿಯೂ ಇಳಿಯಿತು. “ನೋಡು ಭೀಮಶಿ, ಅಕ್ಕಾರ ಹೆಸರಂದ್ರ ಊರಿಗೆ ಮರ್ಯಾದಿ. ನಮ್ಮ ಊರಾಗ ನಮ್ಮಾಕಿನ ಕಟ್ಟಳಿ ಮುರದ್ಳು ಅಂತಾತು. ನಿಮ್ಮ ಆಯಿ ಹೆಸರ ಹಾಕಿದ್ರ? ಆಕಿ ಯಾಕ ಓಡಿದ್ಳು, ಯಾರ ಒದರಿದ್ರು, ಯಾರ ಅಪ್ಪ, ಯಾರ ಮುತ್ಯಾ, ಎಲ್ಲಾ ಬರತೈತಿ. ಹಳೇ ಹುಣ್ಣು ಯಾಕ ಕೆರಿಯೂದು?”

“ಆಕಿ ಓಡಿದ್ದು ಕಾಗದದಾಗ ಇಲ್ಲಲ್ರಿ. ಒದರಿದಾಂವ ನಿಮ್ಮಪ್ಪನೇನ್ರಿ?”

ಮಡಿವಾಳೆಪ್ಪ ಕಟ್ಟೆಯಿಂದ ಎದ್ದ. “ಹೊಡಿಯಾಕ ಒಲ್ಲಿ ಅಂದ್ರ ಬಿಡು. ಹುಬ್ಬಳ್ಳ್ಯಾಗ ಯಂತ್ರ ಅದಾವ. ಒಂದ ತಾಸಿನ ಕೆಲಸ.”

ಕಾರ್ಯಕ್ರಮದ ದಿನ ಭೀಮಶಿ ಕೆಲಸಕ್ಕೆ ಹೋಗಲಿಲ್ಲ. ಆಯಿಯ ಎದುರು ಕೂತು ತೊಟ್ಟು ಮುರಿಯುತ್ತಿದ್ದ. ಶೆಡ್ಡಿನಲ್ಲಿ ಮೂರು ಸಾಲಿನ ಕಲ್ಲು ಗೋಡೆಗೆ ಮುಖ ಮಾಡಿ ನಿಂತಿತ್ತು. ಶರೀಫಸಾಬ ಅದರ ಮೇಲೆ ಗೋಣಿಚೀಲ ಹೊದಿಸಿದ್ದ. ಕೇರಿಯ ಮಂದಿಯೂ ಊಟವಿದೆಯೆಂದು ಕೆರೆಯತ್ತ ಹೋಗಿ ಓಣಿ ಬಿಕೋ ಅನ್ನುತ್ತಿತ್ತು. ಬಿಸಿಲು ಮಾತ್ರ ಇತ್ತು. ಆ ಬಿಸಿಲಲ್ಲಿ ಮಲ್ಲಕ್ಕ ಬಂದಳು.

ಒಂದು ಕೈಯಲ್ಲಿ ಕೋಲು. ಸೊಂಟದ ಮೇಲೆ ಜರ್ಮನ್ ಕೊಡ. ಖಾಲಿ ಕೊಡವಲ್ಲ, ದಾರಿಯ ಉದ್ದಕ್ಕೂ ತುಳುಕಿ ಅರ್ಧ ಸೀರೆ ತೊಯ್ದಿತ್ತು. ಎಪ್ಪತ್ತಾರರ ಜೀವ ಅಗಸಿಯ ಮುಂದಿನಿಂದ ಕೇರಿಯವರೆಗೆ ಅದನ್ನು ಹೊತ್ತು ನಡೆದಿದ್ದನ್ನು ಈ ಸಲ ನೋಡಲು ಒಂದು ನಾಯಿಯೂ ಇರಲಿಲ್ಲ.

ಭೀಮಶಿ ಏಳಲಿಲ್ಲ. ಏಳಬಾರದೆಂದು ಹಲ್ಲು ಕಚ್ಚಿ ಕೂತ. ತಾಯವ್ವನೇ ಗೋಡೆ ಹಿಡಿದು ಎದ್ದು ಕೊಡ ಇಳಿಸಿಕೊಂಡಳು. ಬಾಯಿಯ ಅಂಚನ್ನು ಬೆರಳಿಂದ ಸವರಿ, ಒಂದು ಕಡೆಯ ಹಳೆಯ ತಗ್ಗು ಸಿಕ್ಕಮೇಲೆ ಬಿಸಿಲಲ್ಲೇ ಕೆಳಗಿಟ್ಟಳು.

“ಕುಂದರ್ರಿ ಅಕ್ಕಾರ.”

ಮಲ್ಲಕ್ಕ ರಾಶಿಯ ಅಂಚಿಗೆ ಕೂತಳು. ಉಸಿರು ಸಾವಕಾಶವಾಗಿ ಹದಕ್ಕೆ ಬಂತು. ಸುಮ್ಮನೆ ಕೂತಿರಲು ಆಗದವಳಂತೆ ಒಂದು ಕಾಯಿ ಎತ್ತಿಕೊಂಡಳು. ತೊಟ್ಟಿನ ಜೊತೆ ಕಾಯಿಯೂ ಹರಿದು ಬೀಜ ಚೆಲ್ಲಿದವು.

“ಬರಿಯೂದಷ್ಟ ಹಗೂರ ಅಲ್ರಿ ಇದು,” ತಾಯವ್ವ ಅಂದಳು. “ಬುಡಕ್ಕ ಹಿಡೀರಿ. ಹಾಂ.”

ಕೆರೆಯ ಕಡೆಯಿಂದ ಮೈಕು ಗೊರಗೊರ ಅಂದಿತು. ಮಡಿವಾಳೆಪ್ಪನ ದನಿ ಬಯಲ ಮೇಲೆ ಹಾಯ್ದು ಓಣಿಗೆ ಬಂತು. ಅಕ್ಕಾರ ಆರೋಗ್ಯ ಸರಿ ಇಲ್ಲದ್ದರಿಂದ ಬಂದಿಲ್ಲವೆಂದ. ಆದರೆ ಒಂದು ಪತ್ರ ಕಳಿಸಿದ್ದಾರೆಂದ. “‘ನೀರು ತುಂಬಿದವಳು ನಾನಲ್ಲ, ನನ್ನ ಹೆಸರು ಹಾಕಬಾರದು.’ ಕೇಳಿದ್ರೇನ್ರಿ? ಇಂಥಾ ಗುಣಾ ಯಾರಿಗೈತ್ರಿ ಇವತ್ತ? ಇದಕ್ಕs ಅವರನ್ನ ನಾವು ದೊಡ್ಡವರು ಅನ್ನೂದು!” ಚಪ್ಪಾಳೆ ಬಿತ್ತು. ಬಹಳ ಹೊತ್ತು ಬಿತ್ತು. ನಡುವಿನ ಎರಡು ಶಬ್ದ, ‘ಕೇರಿಯ ತಾಯವ್ವ’, ಮೈಕಿಗೆ ಬರಲೇ ಇಲ್ಲ.

ಭೀಮಶಿ ಧಡಕ್ಕನೆ ಎದ್ದ. “ಹೋಗಿ ಆ ಮೈಕ ಕಸಗೋತೀನಿ.”

“ಕುಂದರು,” ಎಂದಳು ತಾಯವ್ವ.

“ಆಯಿ!”

“ಊಟಾ ನಡದಾವ ಮಂದಿವು. ಕುಂದರು.”

ಅವನು ಕೂರಲೂ ಇಲ್ಲ, ಹೋಗಲೂ ಇಲ್ಲ. ಮಲ್ಲಕ್ಕ ತಲೆ ಎತ್ತಲಿಲ್ಲ. ಮೈಕಿನ ಕಡೆ ಕಿವಿಯಿದ್ದಂತೆಯೂ ಕಾಣಲಿಲ್ಲ. ಒಂದರ ಮೇಲೊಂದು ಕಾಯಿ ಎತ್ತಿಕೊಳ್ಳುತ್ತಿದ್ದಳು. ಬೆರಳ ತುದಿ ಆಗಲೇ ಕೆಂಪೇರಿದ್ದವು.

“ಅಕ್ಕಾರ, ಒಂದ ಮಾತು ಕೇಳತೀನಿ,” ತಾಯವ್ವ ಅಂದಳು. “ನೀರು ತಣ್ಣಗಿತ್ತಂತ ಯಾಕ ಬರದ್ರಿ?”

ಮಲ್ಲಕ್ಕನ ಕೈ ನಿಂತಿತು.

“ನಾ ಇಳದಿರಲಿಲ್ಲಲ್ಲ,” ಎಂದಳು.

ತಾಯವ್ವ ಹೌದೆಂಬಂತೆ ಗೋಣು ಹಾಕಿದಳು. ಆಮೇಲೆ ಮಲ್ಲಕ್ಕನ ಬೆರಳು ನೋಡಿ “ರೂಢಿ ಇಲ್ಲದ ಕೈ, ಉರಿತಾವ, ಹಿಡೀರಿ ಇಲ್ಲೆ” ಎಂದು, ಬಿಸಿಲಲ್ಲಿದ್ದ ಕೊಡವನ್ನು ಎಳೆದುಕೊಂಡಳು. ಮಲ್ಲಕ್ಕ ಎರಡೂ ಕೈ ಚಾಚಿದಳು. ತಾಯವ್ವ ಕೊಡವನ್ನು ಎತ್ತರಕ್ಕೆ ಎತ್ತಲಿಲ್ಲ. ಅದರ ಅಂಚನ್ನು ಆ ಬೊಗಸೆಗೆ ತಾಗಿಸಿ ಬಾಗಿಸಿದಳು. ನೀರು ಕೈ ತುಂಬಿ, ಮೊಣಕೈಗುಂಟ ಇಳಿದು, ತೊಟ್ಟಿನ ರಾಶಿಯ ಕಡೆ ಹರಿಯಿತು. ಮೈಕು ಎರಡನೆಯ ಸಲ ಅಕ್ಕಾರ ಹೆಸರು ಕೂಗಿತು. ಮಲ್ಲಕ್ಕ ಸಾಕು ಅನ್ನಲಿಲ್ಲ. ತಾಯವ್ವನೂ ನಿಲ್ಲಿಸಲಿಲ್ಲ.