ಅಪಿಸಾಯಿಯ ದೋಣಿ ಹತ್ತಿದವರು

"ಆ ಕಡೆ ಎತ್ತ್ರೋ, ಎತ್ತ್ರಿ!" ಎಂದು ಕೂಗುತ್ತ ಕಮಿನಿಯೇಲಿ ತನ್ನ ಭಾವ ಅಪಿಸಾಯಿಯ ಶವಪೆಟ್ಟಿಗೆಯನ್ನು ದೋಣಿಯಿಂದ ಇಳಿಸುತ್ತಿದ್ದ. "ಏನ್ ಭಾರ ಮಾರಾಯ! ಇಷ್ಟು ವರ್ಷದ ಗುಟ್ಟೆಲ್ಲ ಹೊಟ್ಟೇಲೇ ಇದೆಯಲ್ಲ."

ಅಪಿಸಾಯಿ ಫಿಜಿಯ ನಾಂದಿ ಬಂದರಿನಿಂದ ಶ್ರೀಮಂತರ ಖಾಸಗಿ ದ್ವೀಪಕ್ಕೆ ದೋಣಿ ನಡೆಸುತ್ತಿದ್ದ. ಸ್ವಂತ ವಿಮಾನದಲ್ಲಿ ಬಂದಿಳಿದು, ಮುಖ ಮುಚ್ಚಿಕೊಂಡು ಅವನ ದೋಣಿ ಹತ್ತುವವರು ಯಾರೆಂದು ಊರಿಗೆ ಒಮ್ಮೆಯೂ ಹೇಳಿದವನಲ್ಲ.

"ನಂಗೂ ಹೇಳ್ಲಿಲ್ಲ," ಎಂದು ಅವನ ಹೆಂಡತಿ ಮೆರೆಯೋನಿ ಮೂಗೊರೆಸಿಕೊಂಡಳು. "ಕಟ್ಕೊಂಡೋಳ ಮೇಲೂ ನಂಬಿಕೆ ಇರ್ಲಿಲ್ಲ ಆ ಮನುಷ್ಯಂಗೆ."

*

ಅವನು ಬದುಕಿದ್ದಾಗ ಒಂದು ಸಂಜೆ ಮೆರೆಯೋನಿ ಮೀನಿನ ಸಾರು ಮುಂದಿಟ್ಟು ಕೇಳಿದ್ದಳು: "ಇವತ್ತು ಯಾರು ಬಂದಿದ್ರು?"

"ಗಂಡ ಹೆಂಡ್ತಿ."

"ಯಾರ ಗಂಡ?"

"ಆ ಹೆಂಡ್ತಿ ಗಂಡನೇ ಇರ್ಬೇಕು ಅಂದ್ಕೊಂಡೆ."

"ಅಂದ್ಕೊಂಡ್ಯಾ?"

ಅಪಿಸಾಯಿ ಬಟ್ಟಲು ಖಾಲಿ ಮಾಡಿ, ಇಂಜಿನ್ ಒರೆಸಲು ಎದ್ದುಹೋಗಿದ್ದ.

*

ಶವಪೆಟ್ಟಿಗೆಯ ಮುಂದೆ ಪ್ರಾರ್ಥನೆ ನಡೆಯುತ್ತಿದ್ದಾಗ ಇನ್ನೊಂದು ದೋಣಿ ಬಂತು. ಟೋಪಿ, ಕಪ್ಪು ಕನ್ನಡಕ ಹಾಕಿದ ಎತ್ತರದ ಹೆಂಗಸೊಬ್ಬಳು ಚಪ್ಪಲಿ ಕಳಚಿ, ತಲೆ ಬಗ್ಗಿಸಿ ಬಂದು ಮೆರೆಯೋನಿಯ ಪಕ್ಕ ಚಾಪೆಯ ಮೇಲೆ ಕೂತಳು. ಊರಿಗೆ ಊರೇ ಹಾಡು ಮರೆತು ಕತ್ತು ಚಾಚಿತು.

"ಸಿನಿಮಾದೋಳು ಕಣೋ."

"ಅಲ್ವೋ, ಯಾವ್ದೋ ರಾಜನ ಸೊಸೆ."

ಹೆಂಗಸು ಪಿಸುಗುಟ್ಟಿದಳು: "ನನ್ನ ಮಗು ತೀರಿಹೋದ ವರ್ಷ ಇಲ್ಲಿಗೆ ಬಂದಿದ್ದೆ. ದೋಣೀಲಿ ಅಳ್ತಾ ಕೂತೆ. ಅವರು ಇಂಜಿನ್ ನಿಲ್ಲಿಸಿ, ಬೆನ್ನು ತಿರುಗಿಸಿ ಕೂತ್ಕೊಂಡು ನಿಮ್ಮ ಕಥೆ ಹೇಳಿದ್ರು."

"ನನ್ನ ಕಥೆನಾ?"

"ನೀವು ಗೊರಕೆ ಹೊಡೆದ್ರೆ ಕೋಳಿಗಳು ಗೂಡು ಬಿಟ್ಟು ಓಡ್ತಾವಂತೆ. ತಮ್ಮನಿಗೆ ಹೊಡೆಯೋಕೆ ಹೋಗಿ ನೀವೇ ಸಮುದ್ರಕ್ಕೆ ಬಿದ್ರಂತೆ. ಎಷ್ಟೋ ತಿಂಗಳ ಮೇಲೆ ಅವತ್ತೇ ನಾನು ನಕ್ಕಿದ್ದು."

"ಇದನ್ನ ಇನ್ನೂ ಯಾರ್ಯಾರಿಗೆ ಹೇಳಿದಾನೆ?"

ಹೆಂಗಸು ಸ್ವಲ್ಪ ಹಿಂಜರಿದಳು. "ದೋಣಿ ಹತ್ತಿದ ನನ್ನ ಗೆಳೆಯರಿಗೆಲ್ಲ ಗೊತ್ತು."

ಮೆರೆಯೋನಿ ಶವಪೆಟ್ಟಿಗೆಯ ಕಡೆ ತಿರುಗಿದಳು. "ಅಯ್ಯೋ ಪಾಪಿ! ಅವರ ಮಾನ ಕಾಯ್ದು ನನ್ನ ಮಾನ ಹಂಚಿದ್ಯಾ?" ಎಂದವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅತ್ತಳು. ಬೆಳಗಿನಿಂದ ಅತ್ತಿದ್ದು ಬೇರೆ, ಈ ಅಳು ಬೇರೆ.

ಮಣ್ಣು ಮಾಡಿ ಆದಮೇಲೆ ಹೆಂಗಸು ಹೊರಟುಹೋದಳು. ಎಲ್ಲರೂ ಊಟಕ್ಕೆ ಕೂತಾಗ ಕ್ಯಾಮೆರಾ, ಮೈಕು ಹೊತ್ತ ಇಬ್ಬರು ಸುದ್ದಿಗಾರರು ದೋಣಿಯಿಂದ ದಡಕ್ಕೆ ಧುಮುಕಿದರು.

"ಯಾರೋ ದೊಡ್ಡೋರು ಬಂದಿದ್ರಂತಲ್ಲ?"

"ನೆಂಟರು," ಎಂದಳು ಮೆರೆಯೋನಿ.

"ಯಾವ ಕಡೆಯೋರು?"

"ಗಂಡನ ಕಡೆಯೋರು."

ಮೈಕು ಕಮಿನಿಯೇಲಿಯ ಕಡೆ ಬಂತು. ಹುಟ್ಟಿದಾಗಿನಿಂದ ಬಾಯಿ ಮುಚ್ಚದವನು ಅವನು. ಮೈಕನ್ನು ನೋಡಿದ, ಅಕ್ಕನನ್ನು ನೋಡಿದ. ಕೈಯಲ್ಲಿದ್ದ ಬಿಸಿ ಮರಗೆಣಸಿನ ತುಂಡನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡು, ಎರಡೂ ಕೆನ್ನೆ ಉಬ್ಬಿಸಿ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅಗಿಯುತ್ತಲೇ ಕೂತ.